ಯುರೋಪಿನ ನಿರ್ದೇಶಕರ ಹಕ್ಕು ಸಂಸ್ಥೆಯ ಸದಸ್ಯತ್ವ: ಹಲವು ವರ್ಷಗಳ ಬಳಕೆಯ ನಂತರ

ವಿರಾಜಪೇಟೆಯಲ್ಲಿದ್ದುಕೊಂಡು ಸಾಕ್ಷ್ಯಚಿತ್ರ ಮಾಡುವ ನಾನು ಯುರೋಪಿನ ಒಂದು ಸಾಮೂಹಿಕ ಕೃತಿಸ್ವಾಮ್ಯ ಸಂಸ್ಥೆಯ, ಅಂದರೆ ನಿರ್ದೇಶಕರೆಲ್ಲರ ಪರವಾಗಿ ಹಕ್ಕಿನ ಹಣ ವಸೂಲು ಮಾಡಿ ಹಂಚುವ ಸಂಸ್ಥೆಯ, ಸದಸ್ಯತ್ವ ಪಡೆದು ಹಲವು ವರ್ಷಗಳಾದವು. ಕೊಡಗಿನ ದೇವರಕಾಡುಗಳ ಕುರಿತು ನಾನೇ ಹಣ ಹಾಕಿ ತೆಗೆದ ಚಿತ್ರ ಅಲ್ಲಿನ ವಾಹಿನಿಯೊಂದರಲ್ಲಿ ಪ್ರಸಾರವಾದಾಗ ಈ ಸಂಸ್ಥೆಯನ್ನು ಸೇರಿದೆ. ವಾಹಿನಿಯ ಪ್ರಸಾರವನ್ನು ಕೇಬಲ್‌ನವರು ಮತ್ತೆ ಹರಿಸುವುದಕ್ಕೆ, ಅಂದರೆ ಕೇಬಲ್ ಮರುಪ್ರಸಾರಕ್ಕೆ, ಸಿಗುವ ಹಣವನ್ನು ನಿರ್ದೇಶಕರು ಒಬ್ಬೊಬ್ಬರೇ ಹೋಗಿ ವಸೂಲು ಮಾಡುವಂತಿಲ್ಲ. ಯುರೋಪಿಯನ್ ಒಕ್ಕೂಟದ 1993ರ ಕಾನೂನು ನಿರ್ದೇಶನದ (ಡೈರೆಕ್ಟಿವ್) ಪ್ರಕಾರ ಆ ಹಕ್ಕನ್ನು ಸಂಸ್ಥೆಯ ಮೂಲಕವೇ ಚಲಾಯಿಸಬೇಕು.

ಈ ಸೇವೆಯ ಬೆಲೆ ಅರಿಯಬೇಕಾದರೆ ನಮ್ಮ ಕಾನೂನನ್ನು ಪಕ್ಕದಲ್ಲಿಟ್ಟು ನೋಡಬೇಕು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ ಕರ್ತೃ ನಿರ್ಮಾಪಕ. 2012ರ ತಿದ್ದುಪಡಿಯು ಚಿತ್ರದೊಳಗಿನ ಸಾಹಿತ್ಯ ಮತ್ತು ಸಂಗೀತವನ್ನು ರಚಿಸಿದವರಿಗೆ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಲ್ಲಿ, ರಾಯಲ್ಟಿಯ ಸಮಪಾಲನ್ನು ಖಾತ್ರಿಪಡಿಸಿತು. ಪ್ರಧಾನ ನಿರ್ದೇಶಕರನ್ನೂ ಕರ್ತೃವೆಂದು ಪರಿಗಣಿಸುವ 2010ರ ಮಸೂದೆಯ ಪ್ರಸ್ತಾವ ಮಾತ್ರ ಕಾಯ್ದೆಯಾಗುವ ಮೊದಲೇ ಬಿದ್ದುಹೋಯಿತು. ಇದು ನಿರ್ದೇಶಕರಿಗೆ ಆದ ಅನ್ಯಾಯವೆಂದೇ ನನ್ನ ಖಚಿತ ಅಭಿಪ್ರಾಯ. ಫ್ರಾನ್ಸ್‌ನಲ್ಲಿ ನಿರ್ದೇಶಕರು ಚಿತ್ರದ ಸಹಕರ್ತೃಗಳು. ನಾಟಕಕಾರ ಬೊಮಾರ್ಶೆ 1777ರಲ್ಲಿ ಲೇಖಕರನ್ನು ಒಗ್ಗೂಡಿಸಿದ ಪರಂಪರೆಯೇ ಅಲ್ಲಿನ ಲೇಖಕರ ಹಕ್ಕು ಸಂಸ್ಥೆಯಾದ ಇಂದಿನ ಎಸ್‌ಎಸಿಡಿ. ಬ್ರಿಟನ್‌ನಲ್ಲಿ 1994ರ ಜುಲೈ 1ರಿಂದೀಚಿನ ಚಿತ್ರಗಳಿಗೆ ನಿರ್ಮಾಪಕ ಮತ್ತು ಪ್ರಧಾನ ನಿರ್ದೇಶಕ ಜಂಟಿ ಕರ್ತೃಗಳು. ಅಮೆರಿಕದಲ್ಲಿ ಸಾಮಾನ್ಯವಾಗಿ ಕೃತಿಸ್ವಾಮ್ಯವೆಲ್ಲ ಕೆಲಸ ಕೊಟ್ಟವರದೇ. ಮರುಬಳಕೆಯ ಹಣ ನಿರ್ದೇಶಕರಿಗೆ ಬರುವುದು ಅವರ ಸಂಘವಾದ ಗಿಲ್ಡ್ ಮಾಡಿಕೊಂಡ ಒಪ್ಪಂದದಿಂದ.

ಇನ್ನು ದಿನಬಳಕೆಯ ಅನುಭವ. ನೋಂದಣಿಯ ಪುಟದಲ್ಲಿ ಚಿತ್ರದ ಮೂಲ ಹೆಸರು, ಅವಧಿ, ನಿರ್ವಹಿಸಿದ ಪಾತ್ರ, ವಾಹಿನಿ, ಪ್ರಸಾರದ ದಿನಾಂಕ ಎಲ್ಲವನ್ನೂ ತುಂಬಬೇಕು. ನನ್ನ ಚಿತ್ರವನ್ನು ವಾಹಿನಿಯವರು ತಮ್ಮದೇ ಶೀರ್ಷಿಕೆಯಲ್ಲಿ ಪ್ರಸಾರ ಮಾಡಿದ್ದರಿಂದ ಅದರ ಪಾಲು ಗುರುತು ಸಿಗದ ಕೃತಿಗಳ ಖಾತೆಯಲ್ಲಿ ಬಿದ್ದಿತ್ತು. ಪರ್ಯಾಯ ಶೀರ್ಷಿಕೆಯನ್ನು ಸೇರಿಸಿದ ಮೇಲಷ್ಟೇ ಹೊರಬಂತು. ಲೆಕ್ಕಪತ್ರ ಬಹಳ ಸ್ಪಷ್ಟ: ಯಾವ ವಾಹಿನಿ, ಯಾವ ಹಕ್ಕು, ಸಂಸ್ಥೆ ಮುರಿದುಕೊಂಡ ಖರ್ಚು ಎಷ್ಟು ಎಂಬುದು ಸಾಲುಸಾಲಾಗಿ ಇರುತ್ತದೆ. ವಸೂಲಾದ ಆರ್ಥಿಕ ವರ್ಷ ಮುಗಿದ 9 ತಿಂಗಳೊಳಗೆ ಹಂಚಬೇಕೆಂದು ಒಕ್ಕೂಟದ 2014ರ ಕಾನೂನು ನಿರ್ದೇಶನ ಹೇಳುತ್ತದಾದರೂ, ಬೇರೆ ದೇಶದ ಸಹೋದರ ಸಂಸ್ಥೆಯಿಂದ ಬರಬೇಕಾದ ಹಣ ಇನ್ನೂ ತಡವಾಗುತ್ತದೆ. ಪತ್ರಕ್ಕೆ ಉತ್ತರ ಬರುವುದಂತೂ ತೀರಾ ನಿಧಾನ. ಎರಡೆರಡು ಕಡೆ ತೆರಿಗೆ ಕಟ್ಟುವುದನ್ನು ತಪ್ಪಿಸಲು ಆದಾಯ ತೆರಿಗೆ ಇಲಾಖೆಯಿಂದ ವಾಸ ಪ್ರಮಾಣಪತ್ರವನ್ನೂ ಪಡೆದು ಕಳುಹಿಸಬೇಕು. ಕೈಗೆ ಬರುವ ಮೊತ್ತ ದೊಡ್ಡದೇನಲ್ಲ, ಮುಂದಿನ ಚಿತ್ರದ ಬಣ್ಣ ಹದಗೊಳಿಸುವ (ಕಲರ್ ಗ್ರೇಡಿಂಗ್) ಖರ್ಚು ಹುಟ್ಟುವಷ್ಟು. ಚಿತ್ರ ಯುರೋಪಿನಲ್ಲಿ ಪ್ರಸಾರವಾಗದಿದ್ದವರು ಸೇರಿ ಪ್ರಯೋಜನವಿಲ್ಲ.

ಪ್ರಸಾರವಾಗುವ ಸಾಧ್ಯತೆಯಿದ್ದವರು ಮಾತ್ರ ನಿರ್ಮಾಪಕರೊಂದಿಗಿನ ಒಪ್ಪಂದವನ್ನು ಗಮನವಿಟ್ಟು ಓದಬೇಕು. ನಮ್ಮಲ್ಲಿ ಎಲ್ಲ ಹಕ್ಕುಗಳನ್ನೂ ಜಗತ್ತಿನಾದ್ಯಂತ ಬಿಟ್ಟುಕೊಡುವ ಸಾಲು ಮಾಮೂಲು. ಹಾಗೆ ಸಹಿ ಹಾಕಿದರೆ ಸಂಸ್ಥೆಗೆ ಒಪ್ಪಿಸಲು ನಮ್ಮ ಬಳಿ ಏನೂ ಉಳಿಯದಿರಬಹುದು. ‘ಸಾಮೂಹಿಕವಾಗಿ ನಿರ್ವಹಿಸುವ ಹಕ್ಕುಗಳ ಹೊರತು’ ಎಂಬ ಮಾತನ್ನು ಒಪ್ಪಂದದಲ್ಲಿ ಸೇರಿಸಲು ನನ್ನ ಎರಡನೆಯ ಚಿತ್ರದ ನಿರ್ಮಾಪಕರು ಒಪ್ಪಿದ್ದರಿಂದ ಅದರ ನೋಂದಣಿ ತಕರಾರಿಲ್ಲದೆ ಆಯಿತು.