ಮಾಟುಂಗಾದ ಅನುವಾದ ಕಚೇರಿ: ಸೊಸೈಟಿಯ ವರದಿಗೆ ದೊರೆತ ಕನ್ನಡ

ಮಾಟುಂಗಾ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಇಬ್ಬರೇ ಸೇರಿ ನಡೆಸುವ ಅನುವಾದ ಕಚೇರಿಯೊಂದಿದೆ. ಹೊರಗೆ ಫಲಕವಿಲ್ಲ, ಕನ್ನಡ ಸಂಘಗಳ ಪದಾಧಿಕಾರಿಗಳು ಒಬ್ಬರಿಂದೊಬ್ಬರು ಕೇಳಿ ತಿಳಿದು ಅಲ್ಲಿಗೆ ಹೋಗುತ್ತಾರೆ. ನಮ್ಮ ಕ್ರೆಡಿಟ್ ಸೊಸೈಟಿಯ ವಾರ್ಷಿಕ ವರದಿಯನ್ನೂ ಅಧ್ಯಕ್ಷರ ಭಾಷಣವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವನ್ನು ಈ ವರ್ಷ ಅವರಿಗೆ ವಹಿಸಿದ್ದೆವು. ಸೊಸೈಟಿಯ ಕಾರ್ಯದರ್ಶಿಯಾಗಿ ನಾನು ಕನ್ನಡ ಪ್ರತಿಯನ್ನು ಮೂಲದ ಜತೆಗಿಟ್ಟು ಸಾಲು ಸಾಲಾಗಿ ಓದಿದ್ದೇನೆ. ಹಣಕಾಸಿನ ಬರವಣಿಗೆಯನ್ನು ಇಷ್ಟು ಜವಾಬ್ದಾರಿಯಿಂದ ಕನ್ನಡಿಸುವವರು ಮುಂಬೈಯಲ್ಲಿದ್ದಾರೆ ಎಂಬುದು ನನಗೆ ತುಂಬ ಸಂತೋಷದ ಸಂಗತಿ. ಕೊರತೆಗಳೂ ಇವೆ, ಅವನ್ನೂ ಹೇಳುತ್ತೇನೆ.

ಅವರ ಕೆಲಸದ ಗುಣ ತಿಳಿಯಲು ‘ಅಂಡರ್‌ಪಿನ್’ ಎಂಬ ಒಂದು ಇಂಗ್ಲಿಷ್ ಕ್ರಿಯಾಪದವನ್ನು ಅವರು ಹೇಗೆ ನಿಭಾಯಿಸಿದ್ದಾರೆ ಎಂದು ನೋಡಿದರೆ ಸಾಕು. ರಾಜಕೀಯ ಮತ್ತು ಆರ್ಥಿಕ ಬರಹಗಳಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನಮ್ಮ ಅಧ್ಯಕ್ಷರ ಭಾಷಣದಲ್ಲೂ ಹಲವು ಕಡೆ ಇತ್ತು. ಮೂಲದಲ್ಲಿ ಇದು ಕಟ್ಟಡ ಕೆಲಸದ ಮಾತು. ಎದ್ದು ನಿಂತಿರುವ ಗೋಡೆಗೆ ಅಡಿಪಾಯ ಸಾಲದೆ ಹೋದಾಗ, ಅದರ ಕೆಳಗೆ ಬಿಟ್ಟು ಬಿಟ್ಟು ಸಣ್ಣ ಗುಂಡಿಗಳನ್ನು ತೋಡಿ, ಒಂದರಲ್ಲಿ ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದರ ಪಕ್ಕದ್ದನ್ನು ಅಗೆದು, ಗೋಡೆಯ ಭಾರವನ್ನು ಆಳದ ಗಟ್ಟಿ ನೆಲಕ್ಕೆ ಇಳಿಸುವ ವಿಧಾನ ಅದು. ಮುಂಬೈಯ ಗಿರ್ಗಾಂವ್, ಲಾಲ್‌ಬಾಗ್ ಕಡೆಯ ಹಳೆಯ ಚಾಳುಗಳಲ್ಲಿ, ಅಂದರೆ ವಠಾರಗಳಲ್ಲಿ, ದುರಸ್ತಿಯಾಗುವ ತನಕ ಕಂಬ ಕೊಟ್ಟು ಮಾಳಿಗೆಯನ್ನು ತಡೆದಿರುತ್ತಾರಲ್ಲ, ಮರಾಠಿಯವರು ಟೇಕೂ ಎನ್ನುವ ಆ ಆಸರೆ ಬೇರೆ, ಇದು ಬೇರೆ. ಟೇಕೂವನ್ನು ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ. ಅಡಿಯಲ್ಲಿ ತುಂಬಿದ ಕಾಂಕ್ರೀಟ್ ಕಟ್ಟಡ ಇರುವಷ್ಟು ಕಾಲ ಅಲ್ಲೇ ಇರುತ್ತದೆ. ಆದರೆ ಇಂಗ್ಲಿಷಿನಲ್ಲಿ ಬರೆಯುವವರು ಯಾವ ಬಗೆಯ ನೆರವಿಗೂ ಇದೇ ಪದವನ್ನು ಬಳಸಿ ಅದರ ಮೊನೆಯನ್ನು ಸವೆಸಿದ್ದಾರೆ. ಆದ್ದರಿಂದ ಅನುವಾದಕರು ಪ್ರತಿ ಸಲವೂ ಯಾವುದು ಯಾವುದರ ಭಾರ ಹೊತ್ತಿದೆ ಎಂದು ವಿಚಾರಿಸಿಯೇ ಮುಂದುವರಿಯಬೇಕಾಗುತ್ತದೆ.

ಇವರು ನಿಜಕ್ಕೂ ವಿಚಾರಿಸುತ್ತಾರೆ. ಸದಸ್ಯರ ಠೇವಣಿಗಳನ್ನು ಮೀಸಲು ನಿಧಿ ಅಂಡರ್‌ಪಿನ್ ಮಾಡುತ್ತದೆ ಎಂಬ ವಾಕ್ಯಕ್ಕೆ ಬಂದಾಗ ಅನುವಾದಕಿ ನನಗೆ ಫೋನ್ ಮಾಡಿ, “ಸರ್, ಠೇವಣಿಗೆ ಈ ನಿಧಿ ಖಾತರಿಯೋ, ಇಲ್ಲ ನಷ್ಟ ಬಂದರೆ ಸೊಸೈಟಿ ತಡೆದುಕೊಳ್ಳಲಿ ಅಂತ ಇಟ್ಟ ಹಣವೋ?” ಎಂದು ಕೇಳಿದರು. ಈ ಪ್ರಶ್ನೆಯ ಹಿಂದಿರುವ ವಿಷಯ ದೊಡ್ಡದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ರಕ್ಷಣೆಯಿದೆ. 2020ರ ಫೆಬ್ರುವರಿಯಲ್ಲಿ ಅದರ ಮಿತಿಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಸಹಕಾರಿ ಬ್ಯಾಂಕುಗಳೂ ಅದರ ವ್ಯಾಪ್ತಿಗೆ ಬರುತ್ತವೆ, ಕ್ರೆಡಿಟ್ ಸೊಸೈಟಿಗಳು ಬರುವುದಿಲ್ಲ. ನಮ್ಮ ಮೀಸಲು ನಿಧಿಯಾದರೋ 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿವ್ವಳ ಲಾಭದ ಕನಿಷ್ಠ ನಾಲ್ಕನೇ ಒಂದು ಪಾಲನ್ನು ಪ್ರತಿ ವರ್ಷ ತೆಗೆದಿರಿಸಿ ಬೆಳೆಸಿದ ಹಣ. ಅದನ್ನು ‘ಖಾತರಿ’ ಎಂದೋ ‘ಭದ್ರತೆ’ ಎಂದೋ ಕನ್ನಡಿಸಿದ್ದರೆ, ಹೋಟೆಲಿನಲ್ಲಿ ದುಡಿದು ಉಳಿಸಿದ್ದನ್ನು ನಮ್ಮಲ್ಲಿ ಇಟ್ಟ ಹಿರಿಯ ಸದಸ್ಯರು ತಮ್ಮ ಹಣಕ್ಕೆ ವಿಮೆಯಿದೆ ಎಂದು ನಂಬಿಬಿಡುತ್ತಿದ್ದರು. ಕೊನೆಗೆ ಅಚ್ಚಾದ ವಾಕ್ಯ ಹೀಗಿದೆ: “ಸೊಸೈಟಿಗೆ ನಷ್ಟವಾದರೆ ಅದನ್ನು ಮೊದಲು ಭರಿಸುವುದು ಮೀಸಲು ನಿಧಿ, ಠೇವಣಿದಾರರ ವಿಶ್ವಾಸ ನಿಂತಿರುವುದು ಅದರ ಮೇಲೆ.” ಮೂಲಕ್ಕಿಂತ ಇದೇ ಪ್ರಾಮಾಣಿಕವಾಗಿದೆ ಎಂದು ನನಗನ್ನಿಸಿತು, ಅಧ್ಯಕ್ಷರು ಇಂಗ್ಲಿಷ್ ಪ್ರತಿಯನ್ನೂ ಇದಕ್ಕೆ ಹೊಂದುವಂತೆ ತಿದ್ದಿಸಿದರು.

‘ಮೇಲೆ ನಿಂತಿದೆ’ ಎಂಬ ಈ ಸರಳ ಮಾತನ್ನು ಅವರು ಉಳಿದೆಡೆಯೂ ಚೆನ್ನಾಗಿ ದುಡಿಸಿಕೊಂಡಿದ್ದಾರೆ. ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ಹಾಗೆಯೇ ಎತ್ತಿ ತಂದರೆ ‘ಆಧರಿಸಲ್ಪಟ್ಟಿದೆ’ ಎಂಬಂಥ, ಯಾರೂ ಆಡದ ಕನ್ನಡ ಹುಟ್ಟುತ್ತದೆ. ಹಣದುಬ್ಬರವನ್ನು ಶೇ 4ರಲ್ಲಿ, ಹೆಚ್ಚೆಂದರೆ ಎರಡು ಶೇಕಡಾ ಅಂಶ ಅತ್ತಿತ್ತ, ಇರಿಸಬೇಕೆಂಬ ಗುರಿಯನ್ನು ಭಾಷಣವು ವಿವರಿಸುವ ಕಡೆ, ರಿಸರ್ವ್ ಬ್ಯಾಂಕಿನ ಆರು ಸದಸ್ಯರ ಹಣಕಾಸು ನೀತಿ ಸಮಿತಿಯ ಬಡ್ಡಿದರ ನಿರ್ಧಾರಗಳು ಆ ಗುರಿಯ ಮೇಲೆ ನಿಂತಿವೆ ಎಂದು ಬರೆದಿದ್ದಾರೆ, ಓದಿದೊಡನೆ ಅರ್ಥವಾಗುತ್ತದೆ. ಹಬ್ಬದ ದಿನಗಳ ಬೇಡಿಕೆ ನಮ್ಮ ಸಾಲ ವಿತರಣೆಯನ್ನು ಅಂಡರ್‌ಪಿನ್ ಮಾಡಿತು ಎಂಬಲ್ಲಿ ಮಾತ್ರ ಆ ಮಾತನ್ನು ಕೈಬಿಟ್ಟು, ಹಬ್ಬದ ಬೇಡಿಕೆಯಿಂದ ಸಾಲ ವಿತರಣೆ ಹೆಚ್ಚಿತು ಎಂದಷ್ಟೇ ಹೇಳಿದ್ದಾರೆ. ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗಿನ ಬೇಡಿಕೆ ತಳಹದಿಯಾಗಲು ಹೇಗೆ ಸಾಧ್ಯ? ಅವರ ತೀರ್ಮಾನ ಸರಿಯಾಗಿದೆ.

ರಾಜಕೀಯದ ಭಾಗ ಚಿಕ್ಕದು. 2011ರ 97ನೇ ತಿದ್ದುಪಡಿಯು ಸಹಕಾರ ಸಂಘ ಕಟ್ಟುವುದನ್ನು ಸಂವಿಧಾನದ 19ನೇ ವಿಧಿಯ ಮೂಲಭೂತ ಹಕ್ಕುಗಳೊಳಗೆ ಸೇರಿಸಿದ್ದನ್ನು ಸ್ಮರಿಸಿ, ಸಂವಿಧಾನವನ್ನು ಅಂಡರ್‌ಪಿನ್ ಮಾಡುವ ಮೌಲ್ಯಗಳೇ ಸಹಕಾರ ಚಳವಳಿಯದ್ದೂ ಹೌದು ಎಂದು ಅಧ್ಯಕ್ಷರು ಬರೆದಿದ್ದರು. ಇಂಥ ಕಡೆ ‘ಬೆಂಬಲ’ ಎನ್ನುವುದು ಅನೇಕರ ರೂಢಿ. ನಮ್ಮ ರಾಜಕೀಯ ವರದಿಗಳಲ್ಲಿ ಬೆಂಬಲವೆಂದರೆ ಹೊರಗಿನಿಂದ ಕೊಡುವಂಥದ್ದು, ಮುನಿಸು ಬಂದಾಗ ವಾಪಸ್ ಪಡೆಯುವಂಥದ್ದು. ಸಂವಿಧಾನದ ಮೌಲ್ಯಗಳು ಹಾಗೆ ವಾಪಸ್ ಪಡೆಯುವಂಥವಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು 7–6ರ ಬಹುಮತದಿಂದ ಹೇಳಿದ್ದೇ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ತಿದ್ದಿ ಕೆಡವುವಂತಿಲ್ಲ ಎಂದು. (ಕರಾವಳಿಯಿಂದ ಬಂದ ನಮ್ಮ ಸದಸ್ಯರಿಗೆ ಆ ಮಠ ಮನೆಯಂಗಳದ್ದು, ಸ್ವಾಮಿಗಳ ಪರ ವಾದಿಸಿದ ನಾನಿ ಪಾಲ್ಖಿವಾಲಾ ಈ ಮುಂಬೈಯವರು.) ಅನುವಾದದಲ್ಲಿ ‘ಸಂವಿಧಾನದ ತಳಹದಿಯಾದ ಮೌಲ್ಯಗಳು’ ಎಂದಿದೆ, ಅದೇ ಸರಿ.

ಒಪ್ಪಲಾಗದ್ದೂ ಒಂದಿದೆ. ಪಿಗ್ಮಿ ಠೇವಣಿಯನ್ನು ‘ನಮ್ಮ ಸೊಸೈಟಿಯ ಬೆನ್ನೆಲುಬು’ ಎಂದುಬಿಟ್ಟಿದ್ದಾರೆ. ವೇದಿಕೆಗಳ ಮೇಲೆ ರೈತರಿಂದ ಹಿಡಿದು ಕಾರ್ಯಕರ್ತರವರೆಗೆ ಎಲ್ಲರನ್ನೂ ಬೆನ್ನೆಲುಬೆಂದು ಕರೆದು ಕರೆದು ಆ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ತಾಗುವುದಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಶುರುಮಾಡಿದ, ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದ ಪಿಗ್ಮಿಯ ಕ್ರಮ ನಮ್ಮ ಊರುಗಳದ್ದು. ದಿನದಿನದ ಆ ಸಣ್ಣ ಹಣದಿಂದಲೇ ಸೊಸೈಟಿ ಸಾಲ ಕೊಡುತ್ತಿದೆ ಎಂದು ನೇರವಾಗಿ ಬರೆದಿದ್ದರೆ ಚೆನ್ನಾಗಿತ್ತು.

ಇನ್ನೊಂದು ತೊಡಕು ಅಚ್ಚಿನದು. ಅವರು ಕಡತವನ್ನು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಕೊಟ್ಟರು. ಮರಾಠಿ ಕೆಲಸವೇ ಹೆಚ್ಚಾಗಿರುವ ಮುದ್ರಣಾಲಯದಲ್ಲಿ ಅದನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಪಕ್ಕಕ್ಕೆ ಜಾರಿ, ‘ಬಡ್ಡಿ’ ‘ಸದಸ್ಯ’ದಂಥ ಪದಗಳೇ ಓದಲಾಗದಂತಾದವು. ಕೇಳಿದ ಮೇಲೆ ಯೂನಿಕೋಡ್ ಪ್ರತಿಯನ್ನು ಹೆಚ್ಚಿನ ಹಣ ಪಡೆಯದೆ ಮಾಡಿಕೊಟ್ಟರು, ಆದರೆ ಮೊದಲೇ ವಿಚಾರಿಸಬೇಕಿತ್ತು. ದರ ಇಂಗ್ಲಿಷ್ ಪದಗಳ ಲೆಕ್ಕದಲ್ಲಿ. ಅಗ್ಗವಲ್ಲ, ಕೊಟ್ಟದ್ದಕ್ಕೆ ಮೋಸವಿಲ್ಲ.

ಅವಸರದ ಕೆಲಸ ಅವರು ಒಪ್ಪುವುದಿಲ್ಲ. ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕಾದ್ದರಿಂದ ಲೆಕ್ಕಪರಿಶೋಧನೆ ಮುಗಿದೊಡನೆ ವರದಿಯನ್ನು ಒಪ್ಪಿಸುವುದು ಒಳ್ಳೆಯದು. ಅಂಕಿಗಳ ಬಗ್ಗೆ ಫೋನ್ ಬಂದಾಗ ಉತ್ತರಿಸಬಲ್ಲ ಒಬ್ಬರನ್ನು ಆಡಳಿತ ಮಂಡಳಿಯಿಂದ ಗೊತ್ತುಮಾಡಿ, ಅವರ ನಂಬರನ್ನೂ ಜತೆಗೇ ಕೊಡಿ.