ನೆನೆಸಿದ ಕೋಳಿ: ಬಾಣಲೆಯೋ, ಕಾವಲಿಯೋ?

ಅರ್ಧ ಕಿಲೋ ಕೋಳಿಗೆ ಮೊಸರು, ಶುಂಠಿ-ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ, ಉಪ್ಪು ಹಚ್ಚಿ ಫ್ರಿಜ್‌ನಲ್ಲಿ 4 ಗಂಟೆ ನೆನೆಸಿಟ್ಟ ಮೇಲೆ ಕರಿಯಬೇಕೋ, ಕಾವಲಿಯ ಮೇಲೆ ಬೇಯಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ಕರಿದ ಕಬಾಬಿನ ಗರಿಗರಿ ಕಾವಲಿಗೆ ಎಂದೂ ದಕ್ಕುವುದಿಲ್ಲ. ನೆಂಟರು ಬಂದ ದಿನ ಅದೇ ಸರಿ. ಆದರೆ ಅದಕ್ಕೆ ತುಂಡುಗಳು ಮುಳುಗುವಷ್ಟು ಎಣ್ಣೆ ಬೇಕು, ಮಸಾಲೆ ಉದುರಿ ಕಪ್ಪಾದ ಆ ಎಣ್ಣೆ ಮತ್ತೆ ಒಗ್ಗರಣೆಗೂ ಒದಗುವುದಿಲ್ಲ.

ಕಾವಲಿಗೆ ಎರಡು ಚಮಚ ಎಣ್ಣೆ ಸಾಕಾಗುವುದರಿಂದ ದಿನನಿತ್ಯದ ಅಡುಗೆಗೆ ನಾನು ಅದನ್ನೇ ಆರಿಸುತ್ತೇನೆ. ಮೂಳೆಯಿಲ್ಲದ ಎದೆಯ ಮಾಂಸಕ್ಕಿಂತ ಅಗ್ಗವಾದ ಕಾಲಿನ ತುಂಡನ್ನು ಆಳವಾಗಿ ಗೀರಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಬಿಟ್ಟ ನೀರು ಇಂಗಿದ ಮೇಲೆ ಉರಿ ಹೆಚ್ಚಿಸಿದರೆ ಮಸಾಲೆ ಅಂಚಿನಲ್ಲಿ ಕೆಂಪಗೆ ಹಿಡಿದುಕೊಳ್ಳುತ್ತದೆ. ಮೂಳೆಯ ಬುಡದಲ್ಲಿ ಗುಲಾಬಿ ಬಣ್ಣದ ರಸ ಕಂಡರೆ ಇನ್ನಷ್ಟು ಹೊತ್ತು ಬೇಯಿಸಬೇಕು.