ಅಡಿಕೆ ಸುಲಿಯೋರಿಗೆ ಕೊಡಲಾಗದ ದುಡ್ಡು: ನನ್ನ ಬಿಟ್‌ಕಾಯಿನ್ ಆ್ಯಪಿಗೆ ಐದರಲ್ಲಿ ಎರಡು

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮದು ಮೂರೆಕರೆ ಅಡಿಕೆ ತೋಟ. ನಮ್ಮೂರಲ್ಲಿ ಬಿಟ್‌ಕಾಯಿನ್ ಕೊಂಡವನು ಬಹುಶಃ ನಾನೊಬ್ಬನೇ. ಅದು ಯಾವ ಸರ್ಕಾರವೂ ಹೊರಡಿಸದ, ಇಂಟರ್ನೆಟ್ಟಿನಲ್ಲಷ್ಟೇ ಇರುವ ದುಡ್ಡು. ಕೊಂಡ ಆ್ಯಪಿನ ಹೆಸರು ಹೇಳುವುದಿಲ್ಲ, ಬೈಯೋದು ಜಾಸ್ತಿ ಇದೆ.

ಲಾಭದ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ 2016ರ ನವೆಂಬರ್ 8 ನನಗಿನ್ನೂ ಮರೆತಿಲ್ಲ. ಕೊಯ್ಲಿನ ಹೊತ್ತು. ಅಂಗಳದ ತುಂಬ ಅಡಿಕೆ ಕೊನೆ, ರಾತ್ರಿಯೂ ಸುಲಿತ. ಬಟವಾಡೆಗೆ ತಂದಿಟ್ಟಿದ್ದೆಲ್ಲ 500ರ ನೋಟು. ರಾತ್ರಿ ಟಿವಿಯಲ್ಲಿ ಅದು ಇನ್ನು ನಡೆಯೋದಿಲ್ಲ ಅಂದರು. ಹಾಗಾಗಿ ಅಕ್ಕನ ಮಗ ಬೆಂಗಳೂರಿಂದ ಬಂದು, "ಮಾವ, ಸರ್ಕಾರ ರದ್ದು ಮಾಡೋಕಾಗದ ದುಡ್ಡೊಂದಿದೆ. ಒಟ್ಟು 2.1 ಕೋಟಿ ನಾಣ್ಯ, ಅದಕ್ಕಿಂತ ಒಂದೂ ಜಾಸ್ತಿ ಬರಲ್ಲ" ಅಂದಾಗ ಕಿವಿ ನೆಟ್ಟಗಾಯಿತು.

2021ರ ನವೆಂಬರ್‌ನಲ್ಲಿ 20,000 ರೂಪಾಯಿ ಹಾಕಿದೆ. ಕೊಳ್ಳೋದು ಸಲೀಸು, ಹತ್ತು ನಿಮಿಷದ ಕೆಲಸ. ಮುಂದಿನ ನವೆಂಬರಿಗೆ ಅದು ಆರು ಸಾವಿರವೂ ಇರಲಿಲ್ಲ. ರಾಶಿ ಇಡಿ ಅಡಿಕೆಯ ರೇಟು ಬೀಳೋದು ನೋಡಿ ಗಟ್ಟಿಯಾದ ಜೀವ ನಮ್ಮದು. ಆದರೂ ಹೀಗೆ ಬಿದ್ದಿದ್ದು ನೋಡಿರಲಿಲ್ಲ.

ದುಡ್ಡಿನ ಹಾಗೆ ಬಳಸಿ ನೋಡೋಣ ಅಂತ ಫೋನಿಗೆ ಬೇರೆ ವಾಲೆಟ್, ಅಂದರೆ ಆ ದುಡ್ಡು ನಾವೇ ಇಟ್ಟುಕೊಳ್ಳುವ ಆ್ಯಪು, ಹಾಕಿಕೊಂಡೆ. ಅಕ್ಕನ ಮಗ 2,000 ರೂಪಾಯಿ ಬೆಲೆಯ ಬಿಟ್‌ಕಾಯಿನ್ ಕಳಿಸಿದ. ಜುಲೈ ತಿಂಗಳು, ಮೂರು ದಿನದಿಂದ ಕರೆಂಟಿಲ್ಲ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ನಲವತ್ತು ನಿಮಿಷ ನಿಂತೆ. ಶುಲ್ಕ ಕಳೆದು ಬಂದಿದ್ದು 1,600 ಚಿಲ್ಲರೆ. ಅದೇ ಗುಡ್ಡದಿಂದ ಮೈಲುತುತ್ತದ ಅಂಗಡಿಗೆ ಯುಪಿಐನಲ್ಲಿ ದುಡ್ಡು ಹಾಕಿದೆ. ಪೈಸೆ ಖರ್ಚಿಲ್ಲದೆ ಉಂಬಳ ಕೀಳುವಷ್ಟರಲ್ಲಿ ಹೋಯಿತು.

ವಾಲೆಟ್ಟಿಗೆ ಹನ್ನೆರಡು ಇಂಗ್ಲಿಷ್ ಪದ ಕೊಡುತ್ತಾರೆ. ಫೋನು ಹಾಳಾದರೆ ಅವೇ ಬೀಗದ ಕೈ, ಮರೆತರೆ ದೂರು ಕೊಡೋಕೆ ಬ್ಯಾಂಕಿಲ್ಲ. ಬರೆದು ಅಟ್ಟದ ಪೆಟ್ಟಿಗೆಯಲ್ಲಿಟ್ಟೆ. ನಮ್ಮ ಮಳೆಗಾಲಕ್ಕೆ ಚಪ್ಪಲಿಗೇ ಬೂಷ್ಟು ಬರುತ್ತದೆ, ಕಾಗದ ಬಿಟ್ಟೀತೇ? ಆ ಸಲ ಫೋನಿಗೂ ನೀರು ಹೋಯಿತು. ಕಾಗದ ತೆಗೆದರೆ ಏಳನೇ ಪದ ಮಸಿಯ ಕಲೆ, ಮೊದಲ ಎರಡಕ್ಷರ ಮಾತ್ರ ಕಾಣುತ್ತಿತ್ತು. ಪದಗಳ ಪಟ್ಟಿಯಲ್ಲಿ ಇರೋದು 2,048 ಪದವಂತೆ. ಅಕ್ಕನ ಮಗ ಒಂದೊಂದೇ ಹಾಕಿ ನೋಡಿ ಸರಿಯಾದದ್ದು ಹುಡುಕಿದ. ಎರಡು ಪದ ಹೋಗಿದ್ದರೆ ಕಷ್ಟವಿತ್ತು.

ಸುಲಿಯೋಕೆ ಬರುವ ಹೆಂಗಸಿಗೊಮ್ಮೆ ಕೇಳಿದೆ, ಇದರಲ್ಲೇ ಕೂಲಿ ಕೊಡಲಾ ಅಂತ. ಮೆಟ್ಟುಗತ್ತಿಯಿಂದ ತಲೆ ಎತ್ತದೆ, "ಗೌಡ್ರೇ, ಅದು ಸಂತೇಲಿ ನಡೀತದಾ?" ಅಂದಳು. ಅಕ್ಕನ ಮಗ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಉದಾಹರಣೆ ಕೊಟ್ಟ. ಅಲ್ಲಿ 2021ರಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣ ಮಾಡಿದರು, ಸರಿ. 2025ರ ಜನವರಿಯಲ್ಲಿ ಅವರೇ ಕಾನೂನು ತಿದ್ದಿ, ಅಂಗಡಿಯವರು ತಗೊಳ್ಳಲೇಬೇಕು ಅನ್ನೋದನ್ನು ತೆಗೆದರು. ಅಲ್ಲಿಯ ಸಂತೆಯಲ್ಲೂ ಇದೇ ಪ್ರಶ್ನೆ ಬಂದಿರಬೇಕು.

2024ರ ಮಾರ್ಚ್‌ನಲ್ಲಿ ರೇಟು ಏರಿತು, ಆ್ಯಪಿನಲ್ಲಿದ್ದದ್ದು ಮಾರಿದೆ. 23,000 ಬರಬೇಕಿತ್ತು. ಶೇ 1ರಂತೆ 230 ಟಿಡಿಎಸ್, ಅಂದರೆ ಮುಂಚೆಯೇ ಮುರಿದುಕೊಳ್ಳುವ ತೆರಿಗೆ, ಹಿಡಿದರು, ಇರಲಿ. ಉಳಿದದ್ದು ಬ್ಯಾಂಕಿಗೆ ಬರೋಕೆ ಐದು ದಿನ. ಸಹಾಯವಾಣಿಗೆ ಬರೆದರೆ ಯಂತ್ರದ ಉತ್ತರ, ಒಂದೇ ವಾಕ್ಯ ಮೂರು ಸಲ. ಲಾಭಕ್ಕೆ ಶೇ 30 ತೆರಿಗೆ, ಸೆಸ್ ಬೇರೆ. ಅಡಿಕೆ ಬಿಟ್ಟು ಬೇರೆ ಆದಾಯವಿಲ್ಲದ ನಾನು ರಿಟರ್ನ್ ತುಂಬಿದವನೇ ಅಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅದನ್ನು ತುಂಬಿಸೋಕೆ 1,500 ಕೊಟ್ಟೆ. ಸರ್ಕಾರ ರದ್ದು ಮಾಡೋಕಾಗದ ದುಡ್ಡು ಅಂದಿದ್ದನಲ್ವಾ ಅಕ್ಕನ ಮಗ!

ಎರಡು ಅಂಕ ಯಾಕೆ ಅಂದರೆ, ದುಬೈಯಲ್ಲೋ ಇನ್ನೆಲ್ಲೋ ಇರೋರಿಗೆ ರಾತ್ರಿ ಹನ್ನೆರಡಕ್ಕೂ ಕಳಿಸಬಹುದು, ಯಾರ ಅಪ್ಪಣೆಯೂ ಬೇಡ. ಅದು ನಿಜ. ನನಗೆ ಬೇಕಿದ್ದದ್ದು ಶನಿವಾರದ ಬಟವಾಡೆಗೆ ಆಗುವಂಥದ್ದು. 2016ರಲ್ಲಿ ಅದನ್ನು ನಡೆಸಿದ್ದು ಪೇಟೆಯ ದಿನಸಿ ಅಂಗಡಿಯವರ ಉದ್ರಿ ಪುಸ್ತಕ. ಸುಲಿಯೋರು ನನ್ನ ಲೆಕ್ಕಕ್ಕೆ ಅಕ್ಕಿ, ಸಕ್ಕರೆ ಒಯ್ದರು. ನಾನು ಜನವರಿಯಲ್ಲಿ ತೀರಿಸಿದೆ. ಬಡ್ಡಿ ಕೇಳಲಿಲ್ಲ, ಪಾಸ್‌ವರ್ಡೂ ಕೇಳಲಿಲ್ಲ.

ವಾಲೆಟ್ಟಿನ 1,600 ಹಾಗೇ ಇದೆ. ಹನ್ನೆರಡು ಪದ ಈಗ ಪೆನ್ಸಿಲ್ಲಲ್ಲಿ ಬರೆದು, ಪ್ಲಾಸ್ಟಿಕ್ ಸುತ್ತಿ, ಹಪ್ಪಳದ ಡಬ್ಬಿಯ ತಳದಲ್ಲಿದೆ.